ಶಕ್ತಿ ಬಸ್ಸಿನಲ್ಲಿ ನಮ್ಮನ್ನು ನೋಡಿ ಗೊಣಗುವ ಸಹಪ್ರಯಾಣಿಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಂಜನಗೂಡಿನಿಂದ ಮೈಸೂರಿಗೆ ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬರುವ ಹೆಂಗಸು ನಾನು. ನಿಮ್ಮಲ್ಲಿ ಬಹಳ ಜನರ ಹೆಸರು ನನಗೆ ಗೊತ್ತಿಲ್ಲ, ಮುಖ ಗೊತ್ತು. ಕೆಲವರಂತೂ ನಮ್ಮ ಬೀದಿಯವರೇ. ಸ್ಟ್ಯಾಂಡಿನಲ್ಲಿ ಸಿಕ್ಕಾಗ ಮನೆಮಂದಿಯ ಯೋಗಕ್ಷೇಮ ವಿಚಾರಿಸುತ್ತೀರಿ. ಅದೇ ನೀವು ಬಸ್ಸು ಹತ್ತಿ, ಸೀಟು ಸಿಗದೆ ಕಂಬಿ ಹಿಡಿದು ನಿಂತ ಮೇಲೆ ಬೇರೆಯವರೇ ಆಗಿಬಿಡುತ್ತೀರಿ. ಪಕ್ಕದವರ ಕಡೆ ತಿರುಗಿ, ನಮಗೂ ಕೇಳಿಸುವಷ್ಟು ಗಟ್ಟಿಯಾಗಿ ಶುರುಮಾಡುತ್ತೀರಿ: "ಫ್ರೀ ಮಾಡಿದ್ದೇ ಮಾಡಿದ್ದು, ಒಬ್ರೂ ಮನೇಲಿರಲ್ಲ." "ದುಡ್ಡು ಕೊಟ್ಟೋರು ನಿಂತಿದ್ದೀವಿ, ಪುಕ್ಸಟ್ಟೆ ಬಂದೋರು ಕೂತವ್ರೆ." "ಮನೇಲಿ ಅಡುಗೆ ಮಾಡೋರೇ ಇಲ್ಲ, ಗಂಡಂದಿರೆಲ್ಲ ಹೋಟ್ಲಲ್ಲಿ."

ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ಮೊದಲ ಕೆಲವು ವಾರ ಇಂಥ ಮಾತು ಬಂದಾಗ ಹೊಸದು, ಅಭ್ಯಾಸವಾದರೆ ಸರಿಹೋಗುತ್ತದೆ ಎಂದುಕೊಂಡೆವು. ಸರಿಹೋಗಲಿಲ್ಲ. ಆ ಮಾತು ಈಗ ಟಿಕೆಟ್ ಮಷೀನಿನ ಸದ್ದಿನಷ್ಟೇ ಮಾಮೂಲಿಯಾಗಿದೆ. ನಾವು ಕಿಟಕಿ ಕಡೆ ಮುಖ ತಿರುಗಿಸಿ ಕೂರುವುದನ್ನು ಕಲಿತಿದ್ದೇವೆ. ನಮ್ಮ ಮಕ್ಕಳು ಮಾತ್ರ ನಮ್ಮ ಮುಖವನ್ನೇ ನೋಡುತ್ತವೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನನಗೆ ಬಹಳ ನೋವು ಕೊಟ್ಟ ಒಂದು ಘಟನೆ ಹೇಳುತ್ತೇನೆ. ಬೆಳಗಿನ ಬಸ್ಸು, ಕಾಲಿಡಲು ಜಾಗವಿಲ್ಲ. ದಾರಿಯ ಒಂದು ಸ್ಟಾಪಿನಲ್ಲಿ ಒಬ್ಬ ಮುದುಕಿ ಹತ್ತಿದರು. ಕೈಯಲ್ಲೊಂದು ಫ್ಲಾಸ್ಕು, ಕಂಕುಳಲ್ಲಿ ಹಳೆಯ ವೈರ್ ಬ್ಯಾಗು. ಕಂಡಕ್ಟರ್ ಆಧಾರ್ ಕೇಳಿದರು. ಆಯಮ್ಮ ಫ್ಲಾಸ್ಕನ್ನು ಪಕ್ಕದವರ ಕೈಗೆ ಕೊಟ್ಟು, ಸೆರಗಿನ ತುದಿಯ ಗಂಟನ್ನು ಹಲ್ಲಿನಿಂದ ಬಿಚ್ಚಿ, ಹಾಲಿನ ಪ್ಯಾಕೆಟ್ಟಿನ ಕವರಿನಲ್ಲಿ ಮಡಿಸಿಟ್ಟಿದ್ದ ಕಾರ್ಡನ್ನು ತೆಗೆದು ತೋರಿಸಿದರು. ಇಷ್ಟಕ್ಕೆ ಎಷ್ಟು ಹೊತ್ತಾದೀತು? ಅಷ್ಟರಲ್ಲೇ ಹಿಂದಿನಿಂದ ಒಬ್ಬರು, "ಏನಜ್ಜಿ, ಈ ವಯಸ್ಸಲ್ಲಿ ಎಲ್ಲಿಗೆ ಸವಾರಿ? ಫ್ರೀ ಅಂತ ದಿನಾ ಒಂದು ರೌಂಡಾ?" ಎಂದರು. ಹತ್ತು ಜನ ನಕ್ಕರು.

ಮುದುಕಿ ನಗಲಿಲ್ಲ, ರೇಗಲಿಲ್ಲ. ಇಡೀ ಬಸ್ಸಿಗೆ ಲೆಕ್ಕ ಒಪ್ಪಿಸತೊಡಗಿದರು. ಮಗಳಿಗೆ ಚೆಲುವಾಂಬ ಆಸ್ಪತ್ರೆಯಲ್ಲಿ ಹೆರಿಗೆಯಾಗಿದೆ, ಆಪರೇಷನ್ ಆಗಿದೆ, ಗಂಜಿ ತೊಗೊಂಡು ಹೋಗ್ತಿದ್ದೀನಿ, ಅಳಿಯ ಗಾರೆ ಕೆಲಸಕ್ಕೆ ಹೋಗವ್ನೆ, ನೋಡಿಕೊಳ್ಳೋರು ಬೇರೆ ಯಾರೂ ಇಲ್ಲ ಕಣಪ್ಪಾ. ಫ್ಲಾಸ್ಕು ಎತ್ತಿ ತೋರಿಸಿದರು, ಬ್ಯಾಗಿನೊಳಗಿದ್ದ ಕೂಸಿನ ಬಟ್ಟೆಯನ್ನೂ ತೋರಿಸಿದರು. ಕೇಳಿದವರು ಮುಖ ಆ ಕಡೆ ಮಾಡಿದರು. ಬಸ್ಸಿನ ದನಿ ತಟ್ಟನೆ ಬದಲಾಯಿತು. "ಪಾಪ, ಆಸ್ಪತ್ರೆಗಾ? ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದು ಒಬ್ಬರು ಎದ್ದು ಸೀಟು ಕೊಟ್ಟರು.

ಸೀಟು ಕೊಟ್ಟವರು ಒಳ್ಳೆಯವರೇ. ಆದರೆ ನನಗೆ ಆ ನಗುವಿಗಿಂತ ಹೆಚ್ಚು ಚುಚ್ಚಿದ್ದು ಆ ಮರುಕ. ಆಸ್ಪತ್ರೆಗೆ ಎಂದು ರುಜುವಾತು ಮಾಡಿದ ಮೇಲಷ್ಟೇ ಆಯಮ್ಮನಿಗೆ ಬಸ್ಸಿನಲ್ಲಿರುವ ಹಕ್ಕು ಸಿಕ್ಕಿತು. ಹೊಟ್ಟೆಯೊಳಗಿನ ಸಂಗತಿಯನ್ನೆಲ್ಲ ಅಪರಿಚಿತರ ಮುಂದೆ ಬಿಚ್ಚಿಡಬೇಕಾಯಿತು. ಆಯಮ್ಮ ಆಸ್ಪತ್ರೆಗಲ್ಲದೆ ದಸರಾ ವಸ್ತುಪ್ರದರ್ಶನ ನೋಡಲು ಹೊರಟಿದ್ದರೆ? ದೇವರಾಜ ಮಾರ್ಕೆಟ್ಟಿನಲ್ಲಿ ಸುಮ್ಮನೆ ಒಂದು ಸುತ್ತು ಹಾಕಿ, ಒಂದು ಮೊಳ ಮಲ್ಲಿಗೆ ಕೊಂಡು ಬರೋಣ ಎಂದು ಹೊರಟಿದ್ದರೆ? ಆಗ ಆ ನಗು ಸರಿಯಾಗಿಬಿಡುತ್ತಿತ್ತೇ?

ಅದೇ ಬಸ್ಸಿನಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಹೊರಟು, ಮೈಸೂರಿನಲ್ಲಿ ಸ್ನೇಹಿತರ ಜೊತೆ ಟೀ ಕುಡಿದು, ಒಂದು ಸಿನಿಮಾ ನೋಡಿ ಸಂಜೆ ವಾಪಸು ಬರುವ ಗಂಡಸರಿದ್ದಾರೆ. ಎಲ್ಲಿಗೆ, ಯಾಕೆ, ಮನೆಯಲ್ಲಿ ಕೆಲಸವಿಲ್ಲವೇ ಎಂದು ಅವರನ್ನು ಯಾರೂ ಕೇಳಿದ್ದನ್ನು ನಾನು ನೋಡಿಲ್ಲ. "ಅವರು ದುಡ್ಡು ಕೊಟ್ಟು ಬಂದಿದ್ದಾರೆ" ಎನ್ನುತ್ತೀರಿ. ಹಾಗಾದರೆ ದುಡ್ಡಿನ ಮಾತನ್ನೇ ಆಡೋಣ.

ನಮಗೆ ಕೊಡುವ ಶೂನ್ಯ ಟಿಕೆಟ್ ಅಂದರೆ ದುಡ್ಡಿಲ್ಲದ ಪ್ರಯಾಣವಲ್ಲ. ಎಲ್ಲಿಂದ ಎಲ್ಲಿಗೆ, ಎಷ್ಟು ದರ ಎಂಬುದು ಮಷೀನಿನಲ್ಲಿ ದಾಖಲಾಗುತ್ತದೆ. ಆ ಲೆಕ್ಕದ ಮೇಲೆ ನಾಲ್ಕೂ ಸಾರಿಗೆ ನಿಗಮಗಳು ಸರ್ಕಾರದಿಂದ ಹಣ ಪಡೆಯಬೇಕು. ಅದಕ್ಕೇ ಕಂಡಕ್ಟರ್ ನಮಗೂ ಟಿಕೆಟ್ ಹರಿದು ಕೊಡುತ್ತಾರೆ, ಅದಕ್ಕೇ ನಾವು ಇಳಿಯುವವರೆಗೂ ಅದನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತೇವೆ. ಸರ್ಕಾರ ಆ ಹಣವನ್ನು ಸಕಾಲಕ್ಕೆ, ಪೂರ್ತಿಯಾಗಿ ಕೊಡುವುದಿಲ್ಲ ಎಂಬುದು ಸಾರಿಗೆ ನೌಕರರ ಸಂಘಟನೆಗಳ ದೂರು. ಆ ದೂರು ನ್ಯಾಯವಾದದ್ದು. 38 ತಿಂಗಳ ವೇತನ ಪರಿಷ್ಕರಣೆಯ ಬಾಕಿ ಕೇಳಿಕೊಂಡು 2025ರ ಆಗಸ್ಟ್ 5ರಂದು ಅವರು ಮುಷ್ಕರ ಹೂಡಿದಾಗ ನನಗೂ ಅಂದು ಕೆಲಸಕ್ಕೆ ಹೋಗಲು ಕಷ್ಟವಾಯಿತು. ಆದರೂ ಬೇಡಿಕೆ ಸರಿಯಿತ್ತು. ಅದು ಸರ್ಕಾರವನ್ನು ಕೇಳಬೇಕಾದ ಪ್ರಶ್ನೆ. ಫ್ಲಾಸ್ಕು ಹಿಡಿದ ಮುದುಕಿಯನ್ನಲ್ಲ.

ಸರ್ಕಾರದ ಹಣ ಎಂದರೆ ನಮ್ಮ ತೆರಿಗೆ ಎನ್ನುತ್ತೀರಿ. ನಿಜ. ಅದರಲ್ಲಿ ನಮ್ಮದೂ ಇದೆ. ಗಾರ್ಮೆಂಟ್ಸಿನಲ್ಲಿ ದುಡಿಯುವ ಹುಡುಗಿ ಕೊಳ್ಳುವ ಸೋಪಿಗೂ ಚಪ್ಪಲಿಗೂ ನಿಮ್ಮಷ್ಟೇ ತೆರಿಗೆ ಕಟ್ಟುತ್ತಾಳೆ. ಅಲ್ಲದೆ ಸರ್ಕಾರ ದರ ಕಟ್ಟುವುದು ಬಸ್ಸಿನಲ್ಲಿ ಬರುವ ಹೆಂಗಸರಿಗೆ ಮಾತ್ರವೇ? 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ. ಅದು ಇರಲೇಬೇಕು, ಇಲ್ಲದಿದ್ದರೆ ನಮ್ಮ ಕಡೆಯ ಎಷ್ಟೋ ಗದ್ದೆ, ತೋಟ ಒಣಗುತ್ತವೆ. 60 ದಾಟಿದ ಹಿರಿಯರಿಗೆ ಇದೇ ಬಸ್ಸುಗಳಲ್ಲಿ ಶೇಕಡಾ 25 ರಿಯಾಯಿತಿ ಇದೆ. ಬಾಡಿಗೆ ಕೇಳದೆ ರಸ್ತೆಯ ಅರ್ಧವನ್ನು ಕಾರು ನಿಲ್ಲಿಸಲು ಬಿಟ್ಟುಕೊಟ್ಟಿದ್ದೇವೆ. ಗೃಹಜ್ಯೋತಿಯ ಕರೆಂಟಿನಲ್ಲಿ ತಿರುಗುವ ಫ್ಯಾನಿನ ಕೆಳಗೆ ಗಂಡಸರೂ ಮಲಗುತ್ತಾರೆ. ಇವರನ್ನೆಲ್ಲ ಯಾರೂ "ಬಿಟ್ಟಿ ಗಿರಾಕಿಗಳು" ಎಂದು ಮುಖದ ಮೇಲೆ ಅನ್ನುವುದಿಲ್ಲ. ಅನ್ನಬಾರದು ಕೂಡ. ಆ ಮರ್ಯಾದೆಯನ್ನು ನಮಗೂ ಕೊಡಿ ಎಂದಷ್ಟೇ ಕೇಳುತ್ತಿದ್ದೇನೆ.

2025ರ ಜನವರಿಯಲ್ಲಿ ಟಿಕೆಟ್ ದರ ಶೇಕಡಾ 15 ಏರಿತು. ದಿನಗೂಲಿಗೆ ಹೋಗುವ ಗಂಡಸಿಗೆ ಅದು ದೊಡ್ಡ ಹೊರೆ, ನನಗೆ ಗೊತ್ತು. ನನ್ನ ತಮ್ಮನೂ ಅದೇ ದರ ಕೊಟ್ಟು ಓಡಾಡುತ್ತಾನೆ. ರಿಯಾಯಿತಿ ಪಾಸಿಗೂ ದುಡ್ಡು ಹೊಂದಿಸಬೇಕಾದ ಬಡ ಹುಡುಗರು ಕಾಲೇಜಿಗೆ ಬರುತ್ತಾರೆ. ಪಕ್ಕದ ಸೀಟಿನ ಹುಡುಗಿಗೆ ಉಚಿತ, ನನಗೇಕಿಲ್ಲ ಎಂದು ಅವರು ಕೇಳಿದರೆ ಅದರಲ್ಲಿ ತಪ್ಪೇನಿದೆ? ಓದುವ ಹುಡುಗರಿಗೂ ಕೊಡಿ, ಕೂಲಿಗೆ ಹೋಗುವವರಿಗೂ ಕೊಡಿ ಎಂದು ನೀವು ಸರ್ಕಾರವನ್ನು ಕೇಳಿ, ನಾವೂ ಜೊತೆಗೆ ಬರುತ್ತೇವೆ. "ಇವರಿಗೆ ಕೊಟ್ಟಿದ್ದನ್ನು ಕಿತ್ತುಕೊಳ್ಳಿ" ಎಂದರೆ ಮಾತ್ರ ಜೊತೆಗೆ ಬರಲು ಆಗುವುದಿಲ್ಲ.

ಈ ಪತ್ರದ ನಿಜವಾದ ವಿಷಯ ಇನ್ನು ಮುಂದೆ ಇದೆ.

ನಮ್ಮ ಪರವಾಗಿ ಮಾತಾಡುವವರೂ ಬಸ್ಸಿನಲ್ಲಿ ಇರುತ್ತಾರೆ. ಅವರು ಹೇಳುವುದು ಹೀಗೆ: "ಕೆಲಸಕ್ಕೆ ಹೋಗೋ ಹೆಣ್ಣುಮಕ್ಕಳಿಗೆ ಅನುಕೂಲ ಆಯ್ತು ಬಿಡಿ. ಆಸ್ಪತ್ರೆಗೆ, ಕಾಲೇಜಿಗೆ ಹೋಗೋರಿಗೆ ಸರಿ. ಸುಮ್ಮನೆ ಸುತ್ತೋರನ್ನ ಮಾತ್ರ ತಡೀಬೇಕು." ಪತ್ರಿಕೆಗಳಲ್ಲಿ, ಟೀವಿಯಲ್ಲಿ ಯೋಜನೆಯನ್ನು ಹೊಗಳುವವರೂ ಇದೇ ದಾರಿ ಹಿಡಿಯುತ್ತಾರೆ. ದುಡಿಯುವ ಹೆಣ್ಣು, ಓದುವ ಹೆಣ್ಣು, ಔಷಧಿ ತರಲು ಹೋಗುವ ಹೆಣ್ಣು, ಇವರಿಗೆಲ್ಲ ಪಾಸ್ ಮಾರ್ಕು. ಕೆಲಸಕ್ಕೆ ಹೋಗುವವಳಾದ ನಾನು ಈ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತೇನೆ. ಆದರೂ ಈ ಪರೀಕ್ಷೆಯೇ ಬೇಡ ಎನ್ನುತ್ತೇನೆ.

ಸುಮ್ಮನೆ ಹೋಗುವವರು ಯಾರು, ನೋಡಿದ್ದೀರಾ? ನಮ್ಮ ಮಾರ್ಗದಲ್ಲಿ ಹುಣ್ಣಿಮೆಯ ದಿನ ಹತ್ತುವವರನ್ನು ಗಮನಿಸಿ. ಶ್ರೀಕಂಠೇಶ್ವರನ ದರ್ಶನಕ್ಕೆಂದು ಹಳ್ಳಿಗಳಿಂದ ನಾಲ್ಕೈದು ಹೆಂಗಸರು ಒಟ್ಟಾಗಿ ಬಂದಿರುತ್ತಾರೆ. ಕಪಿಲೆಯಲ್ಲಿ ಮುಳುಗಿ, ಒದ್ದೆ ಕೂದಲಿಗೆ ಗಂಟು ಹಾಕಿ, ಪ್ರಸಾದ ಕಟ್ಟಿಕೊಂಡು ಬಸ್ಸಿಗೆ ಕಾಯುತ್ತಿರುತ್ತಾರೆ. ಜೋರಾಗಿ ಮಾತಾಡುತ್ತಾರೆ, ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಾರೆ, ಚುರುಮುರಿ ಹಂಚಿಕೊಂಡು ತಿನ್ನುತ್ತಾರೆ. ಆ ನಗು ನಿಮಗೆ ಕಿರಿಕಿರಿ ಆಗುತ್ತದೆ ಎಂದು ನನಗೆ ಗೊತ್ತು, ಯಾಕೆಂದರೆ ಅದೇ ಹೊತ್ತಿಗೆ ನಿಮ್ಮ ಗೊಣಗಾಟ ಶುರುವಾಗುತ್ತದೆ. ಅವರಲ್ಲಿ ಒಬ್ಬಾಕೆ ನನ್ನ ಪಕ್ಕ ಕೂತು ಹೇಳಿದ ಮಾತು ನೆನಪಿದೆ. ಮದುವೆಯಾಗಿ ಮೊಮ್ಮಕ್ಕಳಾದರೂ ಆಕೆ ಮಲೆ ಮಹದೇಶ್ವರ ಬೆಟ್ಟ ನೋಡಿರಲಿಲ್ಲವಂತೆ. ಗಂಡ ವರ್ಷಾವರ್ಷ ಹೋಗಿ ಬರುತ್ತಿದ್ದ. "ಇಬ್ಬರ ಚಾರ್ಜು ಎಲ್ಲಿಂದ ತರೋದು, ನೀನು ಇಲ್ಲಿಂದಲೇ ಕೈಮುಗಿ" ಎನ್ನುತ್ತಿದ್ದನಂತೆ. ಈಗ ಆಕೆ ಓರಗಿತ್ತಿಯ ಜೊತೆ ಹೋಗಿ ಬಂದಿದ್ದಾರೆ. ಬೆಟ್ಟದ ತಿರುವುಗಳನ್ನು ಕೈಯಲ್ಲಿ ತೋರಿಸುತ್ತಾ, ಹೇಗೆ ವಾಂತಿ ಬಂತು, ಹೇಗೆ ತಡೆದುಕೊಂಡರು, ಮೇಲೆ ಹೋದಾಗ ಗಾಳಿ ಹೇಗಿತ್ತು ಎಂಬುದನ್ನೆಲ್ಲ ಹೇಳಿದರು.

ಇದು ಸುತ್ತಾಟ. ಇದನ್ನು ಬೇರೆ ಯಾವ ದೊಡ್ಡ ಹೆಸರಿನಿಂದಲೂ ಕರೆಯಬೇಕಾಗಿಲ್ಲ. ಊರು ನೋಡುವ ಆಸೆ ಗಂಡಸಿಗಿದ್ದಷ್ಟೇ ಹೆಂಗಸಿಗೂ ಇದೆ. ತವರಿಗೆ ಹಬ್ಬಕ್ಕೆ ಮಾತ್ರವಲ್ಲ, ಸುಮ್ಮನೆ ಒಂದು ಭಾನುವಾರ ಹೋಗಿ ಅಮ್ಮನ ಕೈಯ ಸಾರು ಉಂಡು ಬರಬೇಕು ಅನ್ನಿಸುತ್ತದೆ. ಅಕ್ಕನ ಮನೆಗೆ ಹೋಗಿ ಹರಟಬೇಕು ಅನ್ನಿಸುತ್ತದೆ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋಗಬೇಕು, ಧರ್ಮಸ್ಥಳ ನೋಡಬೇಕು ಅನ್ನಿಸುತ್ತದೆ. ಇದಕ್ಕೆಲ್ಲ ಕಾರಣ ಕೊಡಬೇಕೇ?

ಕಾರಣ ಕೊಡುತ್ತಲೇ ಬಂದವರು ನಾವು. ಕೈಯಲ್ಲಿ ಸ್ವಂತ ಸಂಬಳವಿಲ್ಲದ ಹೆಂಗಸು ಬಸ್ ಚಾರ್ಜು ಬೇಕಾದರೆ ಮನೆಯಲ್ಲಿ ಯಾರನ್ನಾದರೂ ಕೇಳಬೇಕಿತ್ತು. ಕೇಳಿದ ತಕ್ಷಣ, "ಎಲ್ಲಿಗೆ? ಯಾಕೆ? ಹೋದ ತಿಂಗಳು ಹೋಗಿದ್ದೆಯಲ್ಲ? ಈಗೇನು ಅವಸರ?" ಇಪ್ಪತ್ತು ಮೂವತ್ತು ರೂಪಾಯಿಗೆ ಇಷ್ಟು ಪ್ರಶ್ನೆ. ಉತ್ತರ ಹೇಳಿ ಸಾಕಾಗಿ ಎಷ್ಟೋ ಜನ ಹೋಗುವುದನ್ನೇ ಬಿಟ್ಟರು. ಅಪ್ಪನಿಗೆ ಹುಷಾರಿಲ್ಲ ಎಂದರೂ ನೋಡಲು ಹೋಗಲಾಗದೆ, ಕೊನೆಗೆ ಮಣ್ಣಿಗೆ ಹೋದವರು ನನ್ನ ಬಳಗದಲ್ಲೇ ಇದ್ದಾರೆ. ಆ ಪ್ರಶ್ನೆಗಳಿಂದ ಬಿಡುಗಡೆಯಾಯಿತು ಎನ್ನುವಷ್ಟರಲ್ಲಿ, ಮನೆಯಲ್ಲಿ ಗಂಡ ಕೇಳುತ್ತಿದ್ದ ಅದೇ ಪ್ರಶ್ನೆಗಳನ್ನು ಬಸ್ಸಿನಲ್ಲಿ ನೀವು ಕೇಳುತ್ತಿದ್ದೀರಿ. ಗಂಡನಿಗಾದರೂ ಹೆಸರು, ಸಂಬಂಧ ಇದೆ. ನೀವು ಯಾರು?

ಬೇರೆ ರಾಜ್ಯಗಳಲ್ಲೂ ಹೆಂಗಸರು ಹೀಗೆ ಓಡಾಡುತ್ತಿದ್ದಾರೆ. ದಿಲ್ಲಿಯಲ್ಲಿ 2019ರಿಂದ, ತಮಿಳುನಾಡಿನಲ್ಲಿ 2021ರಿಂದ, ನಮ್ಮ ನಂತರ ತೆಲಂಗಾಣದಲ್ಲೂ ಆಂಧ್ರದಲ್ಲೂ ಈ ಯೋಜನೆ ಬಂತು. ನಮ್ಮಲ್ಲಿ ಹೀಗೆ ಮಾಡಿದ ಪ್ರಯಾಣಗಳ ಸಂಖ್ಯೆ 2025ರ ಜುಲೈನಲ್ಲಿ 500 ಕೋಟಿ ದಾಟಿತು. ಇಷ್ಟು ಪ್ರಯಾಣಗಳಲ್ಲಿ ಎಷ್ಟು ಸಲ ಒಬ್ಬಳು ಮಗುವಿಗೆ ಲಸಿಕೆ ಹಾಕಿಸಲು ಹೋದಳು, ಎಷ್ಟು ಸಲ ಒಬ್ಬಳು ಗೆಳತಿಯನ್ನು ನೋಡಲು ಹೋದಳು ಎಂಬ ಲೆಕ್ಕ ಮಷೀನಿನಲ್ಲಿಲ್ಲ. ಇರಬಾರದು.

ಮಾತು ಆಡುವವರು ಗಂಡಸರು ಮಾತ್ರ ಎಂದು ನಾನು ಹೇಳುವುದಿಲ್ಲ. ಸ್ಕೂಟರು, ಕಾರು ಇರುವ ಹೆಂಗಸರೂ ಇದನ್ನೇ ಹೇಳುತ್ತಾರೆ. "ನಮ್ಮ ಮನೆ ಕೆಲಸದವಳು ಈಗೀಗ ರಜೆ ಹಾಕೋದು ಜಾಸ್ತಿ ಆಗಿದೆ, ಫ್ರೀ ಬಸ್ ನೋಡಿ" ಎನ್ನುವ ಅಮ್ಮಂದಿರನ್ನು ಎಷ್ಟು ಮದುವೆಮನೆಗಳಲ್ಲಿ ಕೇಳಿದ್ದೇನೆ. ಅಮ್ಮಾ, ನೀವು ಬೇಸಿಗೆಯಲ್ಲಿ ಕೊಡಗಿಗೆ ಹೋಗಿ ಬಂದು ಫೋಟೊ ತೋರಿಸಿದಿರಿ. ಆಗ ಆಕೆ ನಿಮ್ಮ ಗಿಡಗಳಿಗೆ ನೀರು ಹಾಕಿದಳು. ವರ್ಷಕ್ಕೊಮ್ಮೆ ಅವಳೂ ಎರಡು ದಿನ ಹೋಗಿಬರಲಿ. ವಾರದ ರಜೆಯನ್ನು ನೀವಾಗಿಯೇ ಕೊಟ್ಟಿದ್ದರೆ ಅವಳು ಸುಳ್ಳು ಹೇಳಿ ರಜೆ ಹಾಕಬೇಕಿರಲಿಲ್ಲ.

ನೂಕುನುಗ್ಗಲಿನ ವಿಷಯದಲ್ಲಿ ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ದಿನವಿಡೀ ನಿಂತು ಕೆಲಸ ಮಾಡಿದವರು ಸಂಜೆಯೂ ನಿಂತೇ ಬರಬೇಕೆಂದರೆ ಮೈ ಉರಿಯುತ್ತದೆ. ನಮಗೂ ಅಷ್ಟೆ, ನಾವೂ ನಿಂತೇ ಬರುತ್ತೇವೆ. ಬೆಂಗಳೂರಿನ ನಗರ ಸಾರಿಗೆ ಬಿಟ್ಟು ಉಳಿದ ಬಸ್ಸುಗಳಲ್ಲಿ ಅರ್ಧ ಸೀಟು ಗಂಡಸರಿಗೆ ಎಂಬ ನಿಯಮ ಯೋಜನೆಯ ಆದೇಶದಲ್ಲೇ ಇದೆ. ಅದನ್ನು ಪಾಲಿಸಿ ಎಂದು ಕಂಡಕ್ಟರ್‌ಗೆ ಹೇಳುವ ಹಕ್ಕು ನಿಮಗಿದೆ. ನಿಯಮ ತೋರಿಸಿ ಏಳಿ ಎಂದರೆ ಏಳುತ್ತೇವೆ. "ಬಿಟ್ಟಿ ಬಂದೋಳು ಎದ್ದೇಳು" ಎಂದರೆ ಯಾಕೆ ಏಳಬೇಕು? ಪ್ರಯಾಣಿಕರು ಹೆಚ್ಚಾದರು, ಅದಕ್ಕೆ ತಕ್ಕಷ್ಟು ಬಸ್ಸು ಹೆಚ್ಚಲಿಲ್ಲ. ತೊಂದರೆಯ ಬುಡ ಇರುವುದು ಅಲ್ಲಿ.

ಚಾಲಕರಿಗೂ ಒಂದು ಮಾತು. ಸ್ಟಾಪಿನಲ್ಲಿ ಬರೀ ಹೆಂಗಸರು ನಿಂತಿದ್ದರೆ ಬಸ್ಸು ನಿಲ್ಲದೆ ಮುಂದೆ ಹೋಗುತ್ತದೆ ಎಂಬ ದೂರು ರಾಜ್ಯದ ಹಲವು ಕಡೆಯಿಂದ ಬಂದಿದೆ. ತುಂಬಿದ ಬಸ್ಸು ನಿಲ್ಲಿಸಲಾಗದ ಕಷ್ಟ ಬೇರೆ. ಖಾಲಿ ಸೀಟಿದ್ದೂ ಹೋಗುವುದು ಬೇರೆ. ಮುಸ್ಸಂಜೆಯಲ್ಲಿ ಮುಖ್ಯರಸ್ತೆಯ ಸ್ಟಾಪಿನಲ್ಲಿ ನಿಂತ ಹುಡುಗಿಗೆ ಆ ಬಸ್ಸು ತಪ್ಪಿದರೆ ಮುಂದಿನದಕ್ಕೆ ಎಷ್ಟು ಹೊತ್ತು ಕಾಯಬೇಕು ಎಂಬುದು ಆ ದಾರಿಯಲ್ಲಿ ದಿನಾ ಓಡಾಡುವ ನಿಮಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಕಂಡಕ್ಟರ್‌ಗಳ ಕಷ್ಟವನ್ನು ನಾವು ದಿನಾ ನೋಡುತ್ತೇವೆ. ನೂರು ಜನರ ನಡುವೆ ನುಗ್ಗಿ ಒಬ್ಬೊಬ್ಬರ ಕಾರ್ಡೂ ನೋಡಬೇಕು, ಟಿಕೆಟ್ ಲೆಕ್ಕ ತಪ್ಪಿದರೆ ಮೆಮೊ ಅವರಿಗೇ. ಅದಕ್ಕೆ ನಾವು ಹತ್ತುವ ಮುಂಚೆಯೇ ಕಾರ್ಡು ಕೈಯಲ್ಲಿಟ್ಟುಕೊಳ್ಳುತ್ತೇವೆ, ಇಳಿಯುವ ಊರನ್ನು ಸರಿಯಾಗಿ ಹೇಳುತ್ತೇವೆ. ನಮ್ಮ ಅಕ್ಕತಂಗಿಯರಿಗೂ ಇದನ್ನೇ ಹೇಳುತ್ತಿದ್ದೇನೆ.

ಇನ್ನು ಫೋನು ಹಿಡಿದ ಹುಡುಗರು. ಸೀಟಿಗಾಗಿ ಇಬ್ಬರು ಹೆಂಗಸರು ಜಗಳವಾಡಿದರೆ ನಿಮ್ಮ ಕೈ ಬಿಡಿಸಲು ಹೋಗುವುದಿಲ್ಲ, ಕ್ಯಾಮೆರಾಕ್ಕೆ ಹೋಗುತ್ತದೆ. ಆ ವಿಡಿಯೊ ಸಂಜೆಯೊಳಗೆ ಇಡೀ ರಾಜ್ಯ ಸುತ್ತುತ್ತದೆ, ಮೇಲೊಂದು ಶೀರ್ಷಿಕೆ: "ಫ್ರೀ ಬಸ್ ಎಫೆಕ್ಟ್." ಬಸ್ಸುಗಳಲ್ಲಿ ಗಂಡಸರು ಸೀಟಿಗೆ ಹೊಡೆದಾಡಿದ್ದನ್ನು, ಕಿಟಕಿಯಿಂದ ಟವಲು ಎಸೆದು ಜಾಗ ಹಿಡಿದದ್ದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಅದಕ್ಕೆ ಯಾರೂ ಯಾವ ಯೋಜನೆಯ ಹೆಸರೂ ಇಟ್ಟಿರಲಿಲ್ಲ. ಆ ವಿಡಿಯೊದಲ್ಲಿರುವಾಕೆ ಯಾರದೋ ತಾಯಿ. ನಾಳೆ ಅದೇ ಮುಖ ಹೊತ್ತು ಅದೇ ಊರಿನ ಸ್ಟಾಪಿನಲ್ಲಿ ನಿಲ್ಲಬೇಕು. ಸ್ಟೇಟಸ್ಸಿನಲ್ಲಿ ಹಾಕಿದ್ದರೆ ದಯವಿಟ್ಟು ತೆಗೆಯಿರಿ. ಬಂದರೆ ಮುಂದಕ್ಕೆ ಕಳಿಸಬೇಡಿ.

ಕೊನೆಯದಾಗಿ ಒಂದು ಕೆಲಸದ ವಿಷಯ. ಸಂಜೆ ಆಫೀಸು, ಫ್ಯಾಕ್ಟರಿ ಬಿಡುವ ಹೊತ್ತಿಗೆ ಮೈಸೂರಿನಿಂದ ನಮ್ಮ ಕಡೆಗೆ ಇನ್ನೂ ಬಸ್ಸುಗಳು ಬೇಕು ಎಂದು ನಾವು ಕೆಲವು ಹೆಂಗಸರು ಅರ್ಜಿ ಬರೆದಿದ್ದೇವೆ. ಡಿಪೊ ಮ್ಯಾನೇಜರಿಗೂ ಶಾಸಕರಿಗೂ ಒಂದೊಂದು ಪ್ರತಿ ಕೊಡುವುದಿದೆ. ಅದರಲ್ಲಿ ಓದುವ ಹುಡುಗರಿಗೂ ಉಚಿತ ಪಾಸು ಕೊಡಿ ಎಂಬ ಸಾಲನ್ನೂ ಸೇರಿಸಿದ್ದೇವೆ. ಇದುವರೆಗೆ ಬಿದ್ದಿರುವ ಸಹಿಗಳೆಲ್ಲ ಹೆಂಗಸರವೇ. ಬೆಳಿಗ್ಗೆ ಬಸ್ಸಿನಲ್ಲಿ ಹಾಳೆ ನಿಮ್ಮ ಹತ್ತಿರವೂ ಬರುತ್ತದೆ, ಪೆನ್ನು ನಾವೇ ತಂದಿರುತ್ತೇವೆ. ಸಹಿ ಹಾಕಿ, ಕೆಳಗೆ ನಿಮ್ಮ ಸ್ಟಾಪಿನ ಹೆಸರು ಬರೆಯಿರಿ.

ಇತಿ,
ನಿಮ್ಮ ಬಸ್ಸಿನಲ್ಲೇ ದಿನಾ ಬರುವ ಒಬ್ಬ ಪ್ರಯಾಣಿಕಳು